ಎಳ್ಳು ಬೀರಿದಂಗೆ ಪುಸ್ತಕ ಬೀರಕ್ಕಾಗಲ್ಲ

ಸಂಕ್ರಾಂತಿ ಹತ್ರ ಬಂತು. ಫೋನ್ ಮಾಡಿದೋರೆಲ್ಲ ಒಂದೇ ಮಾತು: "ನಿಂಗೇನಮ್ಮ, ಹಬ್ಬದ ರಜೆ, ಆರಾಮಾಗಿ ಕೂತ್ಕೊಂಡು ಬರ್ಕೋಬೋದು." ರಜೆ ಯಾರಿಗೆ? ಶಿವಗಂಗೇಲಿ ಮನೆ ಇರೋರಿಗೆ ಸಂಕ್ರಾಂತಿ ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾ? ಬೆಟ್ಟದ ಮೇಲೆ ಗಂಗೆ ಉಕ್ಕೋದು ನೋಡಕ್ಕೆ ಜನ ಕತ್ತಲಲ್ಲೇ ಹತ್ತಕ್ಕೆ ಶುರು ಮಾಡ್ತಾರೆ. ಆ ತೀರ್ಥದಲ್ಲೇ ಗಂಗಾಧರೇಶ್ವರನ ಗುಡೀಲಿ ಗಿರಿಜಾ ಕಲ್ಯಾಣ. ಮದುವೆ ದೇವ್ರದ್ದು, ನೆಂಟರು ನಮ್ಮನೆಗೆ. ಕೊಬ್ರಿ ಬೆಲ್ಲ ಹೆಚ್ಚಿ ಹೆಚ್ಚಿ ಬೆರಳೆಲ್ಲ ಬೊಬ್ಬೆ, ಇನ್ನು ಪೆನ್ನು ಹಿಡಿಯೋದೆಲ್ಲಿ? ನಾನು ಬರೆಯೋದು ರಜೇಲಲ್ಲ ಕಣ್ರವ್ವ. ಸ್ಕೂಲ್ ವ್ಯಾನ್ ಹೋದಮೇಲಿಂದ ಮುದ್ದೆಗೆ ಎಸರಿಡೋ ತನಕ, ಅಷ್ಟೇ.

ಹರಟೆ ಮೇಲೆ ಮಾತ್ರ ನಂಗೆ ಯಾವ ತಕರಾರೂ ಇಲ್ಲ. "ಬರೆಯೋರು ಹೆಂಗಸರ ಮಧ್ಯೆ ಕೂತು ಕಾಲ ಕಳೀಬಾರ್ದು" ಅಂತ ಉಪದೇಶ ಮಾಡೋ ಮಹನೀಯರು ಅವ್ರೆ. ಅವ್ರು ಹೋಟ್ಲಲ್ಲಿ ಬೈಟು ಕಾಫಿ ಇಟ್ಕೊಂಡು ಎರಡು ಗಂಟೆ ಮಾತಾಡಿದ್ರೆ ಅದು ಸಾಹಿತ್ಯ ಚರ್ಚೆ, ನಾವು ಅವರೇಕಾಯಿ ಸುಲೀತಾ ಮಾತಾಡಿದ್ರೆ ಹರಟೆ! ಮೊನ್ನೆ ದೊಡ್ಡವ್ವ ಯಾರದ್ದೋ ಸೊಸೆ ಬಗ್ಗೆ, "ಅವಳು ಮಾತಾಡಲ್ಲ ಕಣೆ, ಪಾತ್ರೆ ಕೈಲಿ ಮಾತಾಡುಸ್ತಾಳೆ" ಅಂದ್ರಲ್ಲ, ಅಂಥ ಮಾತು ಯಾವ ಚರ್ಚೇಲಿ ಹುಟ್ಟುತ್ತೆ ಹೇಳಿ? (ಅದು ಮುಂದಿನ ಕತೇಲಿ ಬರುತ್ತೆ. ದೊಡ್ಡವ್ವನಿಗೆ ಹೇಳ್ಬೇಡಿ.)

ನನ್ನ ಜಗಳ ಇರೋದು ಪುಸ್ತಕದ ವಿಷ್ಯಕ್ಕೆ. ಚೀಟಿ ಎತ್ತಿದ ದುಡ್ಡಲ್ಲಿ 300 ಪ್ರತಿ ಅಚ್ಚು ಹಾಕಿಸಿದೆ. ಒಂದಕ್ಕೆ 90 ರೂಪಾಯಿ ಬಿತ್ತು, ಬೆಲೆ 130 ಇಟ್ಟೆ. ಅಂಗಡಿಯವ್ರಿಗೆ ಕೊಟ್ರೆ ನೂರಕ್ಕೆ 35 ಅವ್ರು ಹಿಡ್ಕೊಂತಾರೆ, ನನ್ನ ಕೈಗೆ ಬರೋದು 84 ರೂಪಾಯಿ ಚಿಲ್ಲರೆ. ಅಚ್ಚಿನ ಖರ್ಚೂ ಹುಟ್ಟಲ್ಲ. ಕೈಯಾರೆ 208 ಮಾರಿದ್ರೆ ಹಾಕಿದ ದುಡ್ಡು ವಾಪಸ್. ಇದನ್ನೆಲ್ಲ ಬಿಡಿಸಿ ಹೇಳಿದ್ ಮೇಲೂ, "ನಮ್ಗೂ ದುಡ್ಡಾ? ಒಂದ್ ಕೊಡೆ ಸುಮ್ನೆ" ಅಂತೀರಲ್ಲ! ಜಾತ್ರೇಲಿ ಬಳೆಯವ್ನ ಹತ್ರ ಅರ್ಧ ಗಂಟೆ ಚೌಕಾಸಿ ಮಾಡಿದ್ರೂ ದುಡ್ಡು ಕೊಟ್ಟೇ ಬತ್ತೀರ. ಎಳ್ಳು ಬೀರೋದ್ರಲ್ಲಿ ಲೆಕ್ಕ ಇಲ್ಲ, ಯಾಕಂದ್ರೆ ನಾನು ಒಂದು ಪೊಟ್ಟಣ ಕೊಟ್ರೆ ನಿಮ್ಮನೆಯಿಂದ್ಲೂ ಒಂದು ಬರುತ್ತೆ. ಪುಸ್ತಕಕ್ಕೆ ಏನು ಬರುತ್ತೆ? ಸುಮ್ನೆ ಕೊಟ್ಟಿದ್ದು ಎರಡು ಮನೇಲಿ ಬೀರು ಮೇಲೆ ಧೂಳು ಹಿಡೀತಾ ಇರೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ.

ಇನ್ನು ಕೆಲವ್ರು ದುಡ್ಡು ಕೊಡ್ತಾರೆ, ಜೊತೆಗೊಂದು ಚುಚ್ಚು: "ಸ್ವಂತ ದುಡ್ಡಲ್ಲಿ ಮಾಡಿಸ್ಕೊಂಡಿದ್ದು ತಾನೆ?" ಹೌದು. ನಂಜನಗೂಡು ತಿರುಮಲಾಂಬ ಏನು ಮಾಡಿದ್ರು? ಚಿಕ್ಕ ವಯಸ್ಸಲ್ಲೇ ವಿಧವೆಯಾಗಿ ಅಪ್ಪನ ಮನೇಲಿದ್ದೋರು, 1913ರಲ್ಲಿ 'ಸತಿ ಹಿತೈಷಿಣಿ' ಅಂತ ಗ್ರಂಥಮಾಲೆ ಕಟ್ಟಿ ತಮ್ಮ ಕಾದಂಬರಿ ತಾವೇ ಹೊರಗೆ ತಂದ್ರು. ಆಮೇಲೆ 'ಕರ್ನಾಟಕ ನಂದಿನಿ' ಅಂತ ಪತ್ರಿಕೇನೂ ನಡೆಸಿದ್ರು. ಆ ಕಾಲದಲ್ಲಿ ಹೆಂಗಸು ಬರೆದಿದ್ದನ್ನ ಯಾರಾದ್ರೂ ಬಂದು ಅಚ್ಚು ಹಾಕ್ತಾರೆ ಅಂತ ಕಾಯ್ತಾ ಕೂತಿದ್ರೆ ಆಗ್ತಿತ್ತಾ?

ಗಂಡಸ್ರಿಗಾದ್ರೆ ಇದೇ ಕೆಲ್ಸ ಕೀರ್ತಿ. ಗಳಗನಾಥರು ಪುಸ್ತಕ ಹೊತ್ಕೊಂಡು ಊರೂರು ತಿರುಗಿದ್ರು, ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಾನ ಚೀಲದಲ್ಲಿ ಹಾಕ್ಕೊಂಡು ಹೋಗಿ ಮಾರ್ತಿದ್ರು. ಅದನ್ನ ಕನ್ನಡದ ಸೇವೆ ಅಂತೀವಿ, ಸರಿಯಾಗೇ ಅಂತೀವಿ. ನಾನು ಚೀಲ ಹಿಡ್ಕೊಂಡು ಗೃಹಪ್ರವೇಶಕ್ಕೆ ಬಂದ್ರೆ ಮಾತ್ರ, "ಇವಳೂ ಯಾಪಾರಕ್ಕೆ ನಿಂತ್ಲು" ಅಂತ ಮೂಗು ಮುರಿಯೋದು. ಮುರಿಯೋರಲ್ಲಿ ಹೆಂಗಸ್ರೇ ಜಾಸ್ತಿ, ಅದಕ್ಕೇ ಇಷ್ಟು ಸಿಟ್ಟು. ಮೂರು ವರ್ಷ ನಿಮ್ಮ ನಮ್ಮ ಮನೆ ಮಾತು ಕೇಳ್ಕೊಂಡು ಬರೆದಿದ್ದು. ನೀವೇ ಓದ್ದಿದ್ರೆ ಇನ್ಯಾರು ಓದ್ತಾರೆ?

ಉಳಿದ 170 ನಡುಮನೆ ಕಿಟಕಿ ಪಕ್ಕದ ಪೆಟ್ಟಿಗೇಲಿ ಐತೆ. ಬೆಲೆ 130, ಅತ್ತಿಗೆ ನಾದಿನಿಯರಿಗೂ ಅದೇ ರೇಟು. ಕೈಲಿ ಅಷ್ಟಿಲ್ಲ ಅನ್ನೋರು ಇಬ್ರು ಸೇರಿ ಒಂದು ತಗೊಳ್ಳಿ, ಮೊದ್ಲು ಯಾರು ಓದ್ಬೇಕು ಅಂತ ನೀವೇ ಜಗಳ ಆಡ್ಕೊಳ್ಳಿ.