ಬಹುಮಾನದ ಕೊಂಬು

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದರು. ಮಗಳ ಮದುವೆ ಮುಗಿದಿದೆ, ಮಗ ಬೆಂಗಳೂರಿನಲ್ಲಿದ್ದಾನೆ, ಈಗ ಕಥೆ ಬರೆಯಲು ಶುರು ಮಾಡಿದ್ದಾರಂತೆ. ಕೇಳಿ ಸಂತೋಷವಾಯಿತು. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಒಂದನ್ನು ಕಳಿಸಬೇಕೆಂದಿದ್ದಾರೆ. ಆಚೀಚೆ ನೋಡಿ, ಚಿನ್ನದ ರೇಟು ಕೇಳುವವರ ಹಾಗೆ ದನಿ ತಗ್ಗಿಸಿ, "ಟೀಚರ್, ಈ ತೀರ್ಪುಗಾರರಿಗೆ ಎಂಥ ಕಥೆ ಇಷ್ಟ ಆಗುತ್ತದೆ?" ಎಂದು ಕೇಳಿದರು.

ಅಷ್ಟರಲ್ಲಿ ಬಸ್ಸು ಬಂತು. ಉತ್ತರ ಹೇಳದೆ ಹತ್ತಿಬಿಟ್ಟೆ. ಗೊತ್ತಿಲ್ಲದೆ ಅಲ್ಲ. ಒಂದು ಕಾಲದಲ್ಲಿ ಆ ಉತ್ತರದ ಪ್ರಕಾರವೇ ಬರೆದು, ಬಹುಮಾನವನ್ನೂ ಹೊಡೆದು, ಶಾಲು ಹೊದ್ದುಕೊಂಡು ಬಂದವಳು ನಾನು. ಆ ಕಥೆಯನ್ನು ಹೇಳಿಯೇ ಮುಂದಿನ ಮಾತು ಆಡುವುದು ಸರಿ. ಇಲ್ಲದಿದ್ದರೆ ‘ಬಹುಮಾನ ಸಿಕ್ಕದವರ ಹೊಟ್ಟೆಯುರಿ’ ಎಂದು ನೀವು ಪುಟ ಮಗುಚಿಬಿಡುತ್ತೀರಿ.

ನನ್ನ ದೊಡ್ಡತ್ತೆಯ ಗಂಡ ಮದುವೆಯಾದ ಮರುವರ್ಷ ಬೊಂಬಾಯಿಯ ಹೋಟೆಲಿಗೆ ಹೋದವರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೀಗೆ ಹೋಟೆಲು ಸೇರಲು ಹೊರಟ ಗಂಡಸರಿಲ್ಲದ ಮನೆ ಆ ಕಾಲದಲ್ಲಿ ಹುಡುಕಿದರೂ ಕಷ್ಟ. ಹೆಚ್ಚಿನವರು ಮಳೆಗಾಲಕ್ಕೋ ಹಬ್ಬಕ್ಕೋ ಬಂದು ಹೋದರು, ಕೆಲವರು ದುಡ್ಡು ಮಾಡಿ ತಾರಸಿ ಮನೆ ಕಟ್ಟಿಸಿದರು. ನಮ್ಮ ಮಾವನಿಂದ ಎರಡು ಮನಿಯಾರ್ಡರ್ ಬಂತು, ಆಮೇಲೆ ಏನೂ ಬರಲಿಲ್ಲ. ಅತ್ತೆ ತವರಿನಲ್ಲಿಯೇ ಉಳಿದರು. ಅವರ ಪೆಟ್ಟಿಗೆಯಲ್ಲಿ ಮಾವನದೊಂದು ಅಂಗಿ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅದನ್ನು ತೆಗೆದು ಅಂಗಳದ ಬಿಸಿಲಿಗೆ ಹಾಕಿ, ಸಂಜೆ ಮಡಚಿ ಒಳಗಿಡುವರು. ಸಣ್ಣವಳಿದ್ದಾಗ ಒಮ್ಮೆ ನಾನು ಅಧಿಕಪ್ರಸಂಗಿಯ ಹಾಗೆ, ಮಾವ ಎಲ್ಲಿ ಎಂದು ಕೇಳಿದ್ದೆ. ಅತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಅವ್ರ್ ಅಂಗಿ ಇಲ್ಲೇ ಇತ್ತ್" ಎಂದರು. ಅಷ್ಟೇ. ಆ ಮಾತು ಮೂವತ್ತು ವರ್ಷ ನನ್ನೊಳಗೆ ಕೂತು ಕಥೆಯಾಯಿತು.

ಘಟ್ಟದ ಮೇಲಿನ ಓದುಗರಿಗೆ ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದು ಅರ್ಥ. ಹಿಂದೆ ಇದ್ದು ಈಗ ಇಲ್ಲದ್ದಕ್ಕೆ ನಾವು ‘ಇದ್ದಿತ್ತ್’ ಎನ್ನುತ್ತೇವೆ. ಅತ್ತೆ ಹೇಳಿದ್ದು, ಅಂಗಿ ಇಲ್ಲೇ ಇದೆ ಎಂದು.

ಸ್ಪರ್ಧೆಗೆ ಶುದ್ಧಪ್ರತಿ ಮಾಡಲು ಕೂತಾಗ ನನಗೆ ಒಂದು ಕಥಾ ಕಮ್ಮಟದ ಉಪದೇಶ ನೆನಪಿಗೆ ಬಂತು. ಆಡುಮಾತು ಅತಿಯಾದರೆ ತೀರ್ಪುಗಾರರು ಕಥೆಯನ್ನು ಬದಿಗಿಡುತ್ತಾರೆ, ಕೊನೆಯಲ್ಲಿ ಒಂದು ತಿರುವು ಇರಬೇಕು, ಒಂದು ಸಂಕೇತವೂ ಇರಬೇಕು. ಸರಿ, ಅತ್ತೆಯ ಬಾಯಿಯ ಮಾತೆಲ್ಲ ಪಠ್ಯಪುಸ್ತಕದ ಮಾತಾಯಿತು. ‘ಇತ್ತ್’ ಎಂಬುದರ ತುದಿಗೆ ಒಂದು ಕೊಂಬು ಕೊಟ್ಟೆ, ‘ಇತ್ತು’ ಆಯಿತು. ಒಂದೇ ಒಂದು ಕೊಂಬು! ಇಲ್ಲೇ ಇದ್ದ ಅಂಗಿ ಇಲ್ಲವಾಗಿ ಹೋಯಿತು. ಹೇಗೂ ಇಲ್ಲವಾಯಿತಲ್ಲ, ಅದಕ್ಕೊಂದು ಅಂತ್ಯ ಕಾಣಿಸೋಣವೆಂದು ಅತ್ತೆಯನ್ನು ಮರವಂತೆಯವರೆಗೆ ನಡೆಸಿಕೊಂಡು ಹೋಗಿ, ಅಂಗಿಯನ್ನು ಕಡಲಿಗೆ ಎಸೆಯಿಸಿದೆ. ಮರವಂತೆ ನಮ್ಮ ಕಡೆಯ ಕಥೆಗಾರರಿಗೆ ಬಹಳ ಅನುಕೂಲದ ಜಾಗ. ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ, ಸಂಕೇತಕ್ಕೆ ಕೊರತೆಯೇ ಇಲ್ಲ. ಕಥೆಗೆ ಬಹುಮಾನ ಬಂತು. ‘ಸ್ತ್ರೀಯ ಬಿಡುಗಡೆಯನ್ನು ಧ್ವನಿಪೂರ್ಣವಾಗಿ ಚಿತ್ರಿಸಿದ ಕಥೆ’ ಎಂಬಂಥ ಮಾತು ವೇದಿಕೆಯಲ್ಲಿ ಬಂತು. ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದೆ. ನನಗೂ ಕೊಂಬು ಬಂತು ಎನ್ನಿ.

ಆ ಭಾನುವಾರ ಪತ್ರಿಕೆ ಹಿಡಿದುಕೊಂಡು ಹೋಗಿ ಅತ್ತೆಗೆ ಓದಿ ಹೇಳಿದೆ. ಅವರು ಬಸಳೆ ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದರು. ಆಮೇಲೆ, "ಇದ್ ಯಾರ್ ಮನಿ ಕಥಿ, ಹೆಣೆ?" ಎಂದರು. ನಾನು ಸುಮ್ಮನಿದ್ದೆ. ಅವರಿಗೆ ಎಲ್ಲೋ ಹೊಳೆದಿರಬೇಕು. "ಅಂಗಿ ಕಡಲಿಗ್ ಹಾಕುದಾ? ಇಲ್ಲೇ ಇತ್ತಲ್ದಾ?" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಈ ವಿಷಯದಲ್ಲಿ ನಾನು ತೀರ್ಪುಗಾರರನ್ನು ಬೈಯುವುದಿಲ್ಲ. ಅವರು ನನ್ನನ್ನು ಕೊಂಬು ಕೊಡು ಎಂದು ಕೇಳಿರಲಿಲ್ಲ. ಎಷ್ಟೋ ಸ್ಪರ್ಧೆಗಳಲ್ಲಿ ಹೆಸರು ಮರೆಮಾಡಿ ಕಥೆಯನ್ನು ಮಾತ್ರ ಓದಲು ಕೊಡುತ್ತಾರೆ. ಅವರೆದುರಿಗೆ ನಾವು ಯಾವುದನ್ನು ಇಡುತ್ತೇವೋ ಅದನ್ನೇ ಅವರು ತೂಗಬೇಕು. ನಾವು ಅವರ ಮುಖವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು, ಆ ಮುಖಕ್ಕೆ ಹಿಡಿಸೀತು ಎಂಬುದನ್ನು ಬಡಿಸುತ್ತೇವೆ. ನೆಂಟರು ಬಂದಾಗ ಮನೆಯ ಹುರುಳಿ ಸಾರು ಮುಚ್ಚಿಟ್ಟು ಪೇಟೆಯ ಪಲಾವು ಮಾಡಿದ ಹಾಗೆ. ನೆಂಟರಿಗೆ ಪಲಾವು ಅವರ ಊರಿನಲ್ಲೇ ಸಿಗುತ್ತದೆ, ಮಾರಾಯ್ರೆ!

ಬೇರೆ ಯಾರಿಗಿಂತ ಹೆಚ್ಚಾಗಿ ನಾವು ಶಿಕ್ಷಕಿಯರೇ ಇದನ್ನು ಮಕ್ಕಳಿಗೆ ಕಲಿಸುತ್ತಿರುವುದು. ‘ನಾನ್ ಅಜ್ಜಿ ಮನಿಗ್ ಹೋತೆ’ ಎಂದು ಬರೆದ ಮಗುವಿನ ಕಾಪಿಯ ಮೇಲೆ ನಾನೆಷ್ಟು ಕೆಂಪು ಶಾಯಿ ಸುರಿದಿದ್ದೇನೆಯೋ ಲೆಕ್ಕವಿಲ್ಲ. ಪರೀಕ್ಷೆಗೆ ಗ್ರಂಥಸ್ಥ ಭಾಷೆ ಬೇಕು, ಅದನ್ನು ಕಲಿಸದಿದ್ದರೆ ಮಕ್ಕಳಿಗೆ ದ್ರೋಹ, ಒಪ್ಪಿದೆ. ಆದರೆ ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವ ಸ್ಪರ್ಧೆ ಬಂದಾಗಲಾದರೂ ಬಿಡುತ್ತೇವೆಯೇ? ಕೈ ಹೀಗೆ ಎತ್ತು, ಕಣ್ಣು ಹಾಗೆ ಅರಳಿಸು, ‘ಒಂದಾನೊಂದು ಊರಿನಲ್ಲಿ’ ಎಂದು ಶುರು ಮಾಡು. ಬಿಡುವಿನ ವೇಳೆಯಲ್ಲಿ ಮರದಡಿ ಕೂತು ಗೆಳತಿಯರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಅದೇ ಹುಡುಗಿ ವೇದಿಕೆಯಲ್ಲಿ ಗಿಣಿಯಾಗುತ್ತಾಳೆ. ಬಹುಮಾನವೂ ಗಿಣಿಗೇ. ಸಂಜೆ ಅದೇ ವೇದಿಕೆಯಲ್ಲಿ ನಾವು ಭಾಷಣ ಬಿಗಿಯುತ್ತೇವೆ: ಕೋಟದಲ್ಲಿ 1902ರಲ್ಲಿ ಕಾರಂತರು ಹುಟ್ಟಿದರು, ಬೈಂದೂರು ಕಡೆಯ ಮೊಗೇರಿಯಲ್ಲಿ 1918ರಲ್ಲಿ ಅಡಿಗರು ಹುಟ್ಟಿದರು, ನಮ್ಮ ಮಣ್ಣಿನ ಗುಣವೇ ಅಂಥದ್ದು ಎಂದು.

ನಮ್ಮ ಮಾತನ್ನು ಬಳಸಿದರೆ ಹೊರಗಿನವರಿಗೆ ಅರ್ಥವಾಗದು ಎಂಬ ವಾದ ಇದೆಯಲ್ಲ, ಅದನ್ನು ಸ್ವಲ್ಪ ನೋಡೋಣ. ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು ತಮ್ಮ ಕಡೆಯ ಆಡುಮಾತಿನಲ್ಲೇ ಬರೆದರು. ಮೊದಲ ಸಲ ಓದುವಾಗ ನಾನೂ ತಡವರಿಸಿದೆ. ಹತ್ತು ಪುಟ ಕಳೆದ ಮೇಲೆ ಕಿವಿ ಹೊಂದಿಕೊಂಡಿತು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಧಾರವಾಡದ ‘ಅವ್ವ’ ಎಂದರೆ ತಲೆದೂಗುವವರು ನಮ್ಮ ‘ಅಬ್ಬಿ’ ಎಂದರೆ ಅಡಿಟಿಪ್ಪಣಿ ಕೇಳುತ್ತಾರೆ. ಕೇಳುವ ಮೊದಲೇ ನಾವು ಆವರಣದಲ್ಲಿ ‘ತಾಯಿ’ ಎಂದು ಬರೆದು ಕೈಮುಗಿದು ನಿಲ್ಲುತ್ತೇವೆ. ಹಾಸನದ ಬಾನು ಮುಷ್ತಾಕರ ಕಥೆಗಳು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಹೋಗಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಪಡೆದದ್ದು ನಿಮಗೆ ಗೊತ್ತು. ಅನುವಾದಿಸಿದ ದೀಪಾ ಭಾಸ್ತಿಯವರು ಅದರಲ್ಲಿ ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಹಾಗೆಯೇ ಬಿಟ್ಟರು. ವಾಲಿಸಿದ ಅಕ್ಷರ ಬೇಡ, ಅಡಿಟಿಪ್ಪಣಿ ಬೇಡ ಎಂದರು. ಲಂಡನ್ನಿನ ತೀರ್ಪುಗಾರರಿಗೆ ಇಲ್ಲದ ಕಷ್ಟ ಬೆಂಗಳೂರಿನವರಿಗೆ ಬರುತ್ತದೆ ಎಂದು ನಾವು ಇಲ್ಲಿ ಕೂತು ಹೆದರುವುದು ಯಾಕೆ?

"ವೈದೇಹಿಯವರು ಬರೆದರೆ ನಡೆಯುತ್ತದೆ, ನಾವು ಬರೆದರೆ ನಡೆಯುತ್ತದಾ?" ಎಂದು ನನ್ನ ಗೆಳತಿಯರು ಕೇಳುತ್ತಾರೆ. ಕುಂದಾಪುರದ ವೈದೇಹಿಯವರು ‘ಅಕ್ಕು’ವಿನಂಥ ಕಥೆಗಳನ್ನು ಬರೆದದ್ದು ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಅಲ್ಲ. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು 2009ರಲ್ಲಿ. ಅವರ ಮೊದಲ ಸಂಕಲನ ‘ಮರ ಗಿಡ ಬಳ್ಳಿ’ ಬಂದದ್ದು 1979ರಲ್ಲಿ. ಅಡುಗೆಮನೆಯ, ಹಿತ್ತಿಲಿನ ಹೆಂಗಸರ ಮಾತು ಸಾಹಿತ್ಯವಾದೀತು ಎಂದು ಆಗ ಯಾರೂ ಅವರಿಗೆ ಗ್ಯಾರಂಟಿ ಬರೆದುಕೊಟ್ಟಿರಲಿಲ್ಲ. ‘ಸುಧಾ’ಕ್ಕೆ ಕಳಿಸಿದ ಬರಹ ನಿಜಸಂಗತಿಯದೆಂದು ಪ್ರಕಟಿಸುವುದು ಬೇಡವೆಂದರಂತೆ, ಸಂಪಾದಕರು ‘ವೈದೇಹಿ’ ಎಂದು ಹೆಸರು ಬದಲಿಸಿ ಅಚ್ಚು ಹಾಕಿದರಂತೆ. ಹೆಸರು ಬದಲಾಯಿತು, ದನಿ ಬದಲಾಗಲಿಲ್ಲ. ನಾವು ಮಾಡುವುದು ಇದಕ್ಕೆ ಉಲ್ಟಾ. ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಫೋಟೋ ಲಗತ್ತಿಸಿ, ಒಳಗಿನ ದನಿಯನ್ನು ಮಾತ್ರ ಯಾರದ್ದೋ ತಂದು ಇಡುತ್ತೇವೆ.

ಇನ್ನೊಂದು ಬಗೆಯ ಮೋಸವೂ ಇದೆ, ಅದು ಇತ್ತೀಚಿನದು. ತಾಲೂಕು ಮಟ್ಟದ ಮಹಿಳಾ ಕಥಾಸ್ಪರ್ಧೆಯೊಂದಕ್ಕೆ ನನ್ನನ್ನೇ ತೀರ್ಪುಗಾರ್ತಿಯಾಗಿ ಕೂರಿಸಿದ್ದರು. 2022ರಲ್ಲಿ ‘ಕಾಂತಾರ’ ಬಂದ ಮೇಲಿನ ಮಾತು. ಕಟ್ಟು ಬಿಚ್ಚಿದರೆ ಕಥೆಯ ಮೇಲೆ ಕಥೆ ದೈವ, ಕೋಲ, ಕಂಬಳ, ಪಂಜು! ಪಾಣಾರಾಟವನ್ನು ಒಮ್ಮೆಯೂ ಕೂತು ನೋಡದವರ ಕಥೆಯಲ್ಲೂ ದೈವ ಬಂದು ಅಬ್ಬರಿಸುತ್ತದೆ. ಮಾತುಮಾತಿಗೆ ‘ಹ್ವಾಯ್’, ‘ಎಂತದಾ’. ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ ಕುಂದಾಪ್ರ ಕನ್ನಡ. ನಾನು ಮಾಡಿದ್ದು ಒಗೆದು ಬಿಳಿ ಮಾಡುವ ತಪ್ಪಾದರೆ ಇದು ಬಣ್ಣ ಹಚ್ಚಿ ಮಾರುವ ತಪ್ಪು. ಎರಡರಲ್ಲೂ ಕಣ್ಣಿರುವುದು ಗಿರಾಕಿಯ ಮೇಲೆಯೇ. ಆ ಕಟ್ಟಿನಲ್ಲಿ ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಹೆಂಗಸೊಬ್ಬಳ ಕೈಗೆ ಅಂಟಿದ ಸೊನೆಯ ಕಪ್ಪನ್ನು ಕುರಿತ ಎರಡೂವರೆ ಪುಟದ ಕಥೆಯಿತ್ತು. ದೈವವಿಲ್ಲ, ಕಡಲಿಲ್ಲ, ತಿರುವೂ ಇಲ್ಲ. ಮಗಳ ಮದುವೆಯ ದಿನ ಅವಳು ಬಡಿಸಲು ಬರದೆ ಒಳಗೇ ಉಳಿಯುತ್ತಾಳೆ, ಅಷ್ಟೆ. ನಾನು ಅದಕ್ಕೆ ಮೊದಲ ಸ್ಥಾನ ಕೊಟ್ಟೆ. ಜೊತೆಯ ತೀರ್ಪುಗಾರರು ‘ಕರಾವಳಿಯ ಸೊಗಡು ಕಡಿಮೆ’ ಎಂದರು. ಕೊನೆಗೆ ಮೂರನೆಯ ಬಹುಮಾನಕ್ಕೆ ರಾಜಿಯಾಯಿತು. ಅದು ನನಗೆ ಇವತ್ತಿಗೂ ನುಂಗಲಾಗದ ತುತ್ತು.

ಹಾಗೆಂದು ಸ್ವಂತ ದನಿ ಎಂದರೆ ಕುಂದಾಪ್ರ ಕನ್ನಡವೊಂದೇ ಎಂದು ನಾನು ಹಟ ಹಿಡಿಯುತ್ತಿಲ್ಲ. ಗಂಗೊಳ್ಳಿಯ ಖಾರ್ವಿಯವರ ಮನೆಯಲ್ಲಿ ಕೊಂಕಣಿ ಮಾತಾಡುತ್ತಾರೆ, ಬ್ರಹ್ಮಾವರದಿಂದ ಸ್ವಲ್ಪ ತೆಂಕಕ್ಕೆ ಹೋದರೆ ತುಳು. ಆ ಮನೆಯ ಹೆಣ್ಣುಮಗಳು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಕಥೆ ಬರೆದರೆ ಅದೇ ಅವಳ ದನಿ. ನನಗೂ ಮೂವತ್ತು ವರ್ಷ ಪಾಠ ಮಾಡಿದ ಪುಸ್ತಕದ ಕನ್ನಡ ಮೈಗಂಟಿದೆ. ಈ ಪ್ರಬಂಧವನ್ನೇ ನೋಡಿ. ನಾನು ಮಾತಾಡುವಾಗ ಅದು ನನ್ನದು, ಅತ್ತೆಯ ಬಾಯಿಗೆ ತುರುಕಿದಾಗ ಸುಳ್ಳು.

ಸ್ಪರ್ಧೆಗೆ ಕಳಿಸಲೇಬೇಡಿ ಎಂದು ಉಪದೇಶ ಮಾಡುವವರೂ ಇದ್ದಾರೆ. ಅಂಥವರಿಗೆ ಸಾಮಾನ್ಯವಾಗಿ ಸಂಪಾದಕರ ಪರಿಚಯ ಇರುತ್ತದೆ. ನಮ್ಮಂಥವರಿಗೆ ಯಾರ ಪರಿಚಯ? ಸಾಹಿತ್ಯ ಗೋಷ್ಠಿ ರಾತ್ರಿ ಎಂಟಕ್ಕೆ ಮುಗಿದರೆ ಬೈಂದೂರಿಗೆ ಹೋಗುವ ಹೆಂಗಸು ಬಸ್ಸಿನ ಚಿಂತೆ ಮಾಡಬೇಕೋ, ವಿಮರ್ಶಕರ ಹತ್ತಿರ ಮಾತಾಡಬೇಕೋ? ಅಂಚೆಯಲ್ಲೋ ಇಮೇಲಿನಲ್ಲೋ ಹೋಗುವ ಕಥೆಗೆ ಬಸ್ಸಿನ ಚಿಂತೆಯಿಲ್ಲ. ಪ್ರಜಾವಾಣಿಯ ದೀಪಾವಳಿ ಸ್ಪರ್ಧೆಯಿಂದ ಬೆಳಕಿಗೆ ಬಂದ ಕಥೆಗಾರರು ಎಷ್ಟೋ ಮಂದಿ. ಛಂದ ಪುಸ್ತಕದವರು ಹೊಸಬರ ಹಸ್ತಪ್ರತಿಗಳಿಗೇ ಸ್ಪರ್ಧೆ ನಡೆಸಿ ಮೊದಲ ಸಂಕಲನ ಅಚ್ಚು ಹಾಕಿಕೊಡುತ್ತಾ ಬಂದರು. ಟೋಟೋ ಪುರಸ್ಕಾರದಂಥವು ಮೂವತ್ತರೊಳಗಿನವರಿಗೆ. ಯುವಕರಿಗೆ ಸಿಗಲಿ, ಬೇಡವೆನ್ನುವುದಿಲ್ಲ. ಆದರೆ ಮೂವತ್ತರೊಳಗೆ ನಮ್ಮ ಕೈಯಲ್ಲಿ ಪೆನ್ನಿಗಿಂತ ಹೆಚ್ಚು ಹೊತ್ತು ಇದ್ದದ್ದು ಮಗುವಿನ ತೊಟ್ಟಿಲಿನ ಹಗ್ಗ. ಐವತ್ತರಲ್ಲಿ ಮೊದಲ ಕಥೆ ಬರೆಯುವ ಹೆಂಗಸಿಗೂ ಯಾರಾದರೂ ಒಂದು ಬಹುಮಾನ ಇಡಬಾರದೇ?

ಶಾಸ್ತ್ರಿ ಸರ್ಕಲ್ಲಿನ ಗೆಳತಿಗೆ ಆಮೇಲೆ ಫೋನು ಮಾಡಿದೆ. ಕಥೆ ಮೊದಲು ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ, ಇಲ್ಲವೇ ಅವರನ್ನು ಬಲ್ಲವರಿಗೆ ಓದಿ ಹೇಳಿ, ಅವರಿಗೆ ಗುರುತು ಹತ್ತಿದರೆ ಕಳಿಸಿ, ನಿಯಮದಲ್ಲಿ ಹೇಳಿದ ಪದಮಿತಿ, ಕೊನೆಯ ದಿನ ಎರಡನ್ನು ಬಿಟ್ಟು ಬೇರೆ ಯಾವುದಕ್ಕೂ ತಲೆಬಾಗಬೇಡಿ ಎಂದೆ. "ನಮ್ಮ ಅತ್ತೆಯ ಬಗ್ಗೆ ಬರೆದದ್ದು, ಅವರಿಗೆ ಓದಿದರೆ ಮನೆಯಲ್ಲಿ ರಾಮಾಯಣ ಆಗುತ್ತದೆ" ಎಂದು ನಕ್ಕರು. ಅದೂ ಹೌದೇ.

ನಾನು ಈ ವರ್ಷ ಅಂಗಿಯ ಕಥೆಯನ್ನು ಪುನಃ ಬರೆದೆ. ಮರವಂತೆಗೆ ಹೋಗಲಿಲ್ಲ. ಈಗ ಕೊಂಬು ಕೊಡಲು ನಾನೇ ಬೇಕೆಂದಿಲ್ಲ, ಮೊಬೈಲಿನಲ್ಲಿ ‘ಇತ್ತ್’ ಎಂದು ಒತ್ತಿದರೆ ಅದೇ ‘ಇತ್ತು’ ಮಾಡಿಡುತ್ತದೆ. ಪ್ರತಿ ಸಲ ಹಿಂದೆ ಹೋಗಿ ತೆಗೆದೆ. ಅತ್ತೆಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚುರುಕು. ಹತ್ತಿರ ಕೂತು ಓದಿದೆ. ಈ ಸಲ ಯಾರ ಮನೆಯ ಕಥೆ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೆಟ್ಟಿಗಿ ತಗಡಿಂದ್ ಅಲ್ಲ, ಹಲಸಿನ ಮರದ್ದ್" ಎಂದರು. ತಿದ್ದಿ, ಮರುದಿನ ಕಳಿಸಿದೆ.