ಹದ ಆರುವ ಮೊದಲು ಯೂರಿಯಾ ಕೊಡಿ

ಮಾನ್ಯ ಕೃಷಿ ಸಚಿವರೇ,

ನಾನು ಸಂಡೂರು ತಾಲ್ಲೂಕಿನ ಮಸಾರಿ ಹೊಲದಲ್ಲಿ ಮಳೆ ನಂಬಿ ಮೆಕ್ಕೆಜೋಳ ಬೆಳೆಯುವವನು. ನಮ್ಮ ನೆರೆಯವರದು ಹಾಗಲ್ಲ. ಹಂಪಿಯ ತುರ್ತಾ ಕಾಲುವೆ, ಹೊಸಪೇಟೆಯ ರಾಯ, ಬಸವಣ್ಣ ಕಾಲುವೆಗಳು ವಿಜಯನಗರದ ಅರಸರ ಕಾಲದವು. ಕಂಪ್ಲಿಯ ಗದ್ದೆಗೂ ತುಂಗಭದ್ರೆಯ ನೀರುಂಟು. ಈ ಕಾಲುವೆಗಳ ಕಡೆಯ ರೈತರು ಗೊಬ್ಬರ ಹಾಕಿ ಮಡೆ ತಿರುವುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾದಾಗ ನೀರು ಕೈತಪ್ಪೀತೆಂದು ಅವರು ಪಟ್ಟ ದಿಗಿಲು ನಮಗೆ ಪ್ರತಿ ಮುಂಗಾರಿನದು.

2025ರ ಮುಂಗಾರಿನಲ್ಲಿ ರಾಜ್ಯದ ಎಷ್ಟೋ ಕಡೆ ಯೂರಿಯಾಕ್ಕೆ ಪಾಳಿ ಹಚ್ಚಿದ್ದು ತಮಗೆ ಗೊತ್ತು. ನಾನೂ ನಿಂತಿದ್ದೆ. ಪೈರು ಮೊಣಕಾಲೆತ್ತರ ಬಂದಿತ್ತು, ಪುನರ್ವಸು ಮಳೆ ಬಿದ್ದು ನೆಲ ಹದವಾಗಿತ್ತು. ಚೀಲ ಕೈಗೆ ಬರುವಷ್ಟರಲ್ಲಿ ಹದ ಆರಿತ್ತು. ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನಗುಂಟ ಹಳದಿಯಾಗಿದ್ದವು.

ಯೂರಿಯಾದ 45 ಕೆಜಿಯ ಚೀಲದಲ್ಲಿ ಸಾರಜನಕ ಸುಮಾರು 21 ಕೆಜಿ. ಅದು ಮಣ್ಣಿನ ನೀರಿನಲ್ಲಿ ಕರಗಿದರೆ ಮಾತ್ರ ಬೇರಿಗೆ ಮುಟ್ಟುತ್ತದೆ. ಅರೆತೇವದ ಮಣ್ಣಿನ ಮೇಲೆ ಚೆಲ್ಲಿದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಜೋರು ಮಳೆ ಹೊಡೆದರೆ ಬೇರಿನ ಕೆಳಗಿಳಿಯುತ್ತದೆ. ಮತ್ತೆ ಸಿಗುವುದೋ ಇಲ್ಲವೋ ಎಂಬ ಭಯಕ್ಕೆ, ಸಿಕ್ಕ ದಿನವೇ ಎರಡು ಕಂತಿನ ಪಾಲನ್ನೂ ಒಮ್ಮೆಗೇ ಹಾಕಿದವರನ್ನು ನೋಡಿದ್ದೇನೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಹಾಗೆ ಸೊಕ್ಕಿ ಬೆಳೆದ ಎಲೆ ಹೆಚ್ಚು ನೀರು ಕೇಳುತ್ತದೆ, ಮಳೆ ಕೈಕೊಟ್ಟರೆ ಮೊದಲು ಸುರುಟುವುದೂ ಅದೇ.

ಸೂಲಂಗಿ ಬರುವುದು ಐವತ್ತು, ಐವತ್ತೈದು ದಿನಕ್ಕೆ, ಆಶ್ಲೇಷ ಮಳೆಯ ಹೊತ್ತಿಗೆ. ಆಗ ನೀರಿಲ್ಲದಿದ್ದರೆ ತೆನೆಯ ರೇಷ್ಮೆ ತಡವಾಗಿ ಹೊರಡುತ್ತದೆ. ಅಷ್ಟರಲ್ಲಿ ಪರಾಗ ಉದುರಿರುತ್ತದೆ. ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟು ಮಳೆ ಬಂದರೂ ಆ ಬೋಳು ತೆನೆ ತುಂಬದು.

ಹೆಚ್ಚು ಯೂರಿಯಾ ಕೊಡಿ ಎನ್ನುತ್ತಿಲ್ಲ ಸ್ವಾಮಿ, ಹೊತ್ತಿಗೆ ಕೊಡಿ. ಬಿತ್ತನೆಯ ತಾರೀಕು ರೈತ ಸಂಪರ್ಕ ಕೇಂದ್ರದಲ್ಲಿ ದಾಖಲಾಗಲಿ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಲೆಕ್ಕ ಸರ್ಕಾರದ ಬಳಿ ದಿನವೂ ಇರುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಯಾವ ವಾರ ಯಾವ ಊರಿಗೆ ಎಷ್ಟು ಚೀಲ ಬೇಕೆಂದು ತಿಳಿಯುತ್ತದೆ. ಮೃಗಶಿರಕ್ಕೆ ಮುಂಚೆಯೇ ದಾಸ್ತಾನು ಊರ ಸಹಕಾರ ಸಂಘದ ಗೋದಾಮಿನಲ್ಲಿರಲಿ, ಎರಡು ಕಂತಿನ ಚೀಟಿ ರೈತನ ಕೈಯಲ್ಲಿರಲಿ.

ಗೊಬ್ಬರದ ಹಾಗೆ ನೀರೂ ಹೊತ್ತಿಗೆ ಬೇಕು. ಕೃಷಿ ಭಾಗ್ಯ ಯೋಜನೆಯ ಹೊಂಡಕ್ಕೆ ಅರ್ಜಿ ಹಾಕಿದ ಮಸಾರಿ ಹೊಲದವರಿಗೆ ಪಂಪು, ತುಂತುರು ಪೈಪು ಜೊತೆಯಲ್ಲೇ ಸಿಗಲಿ. ಸೂಲಂಗಿಯ ವಾರ ಒಂದೇ ಒಂದು ಸಲ ನೆಲ ನೆನೆಸಲು ನಮಗೆ ಅಷ್ಟು ಸಾಕು.

ಇಂತಿ,
ಸಂಡೂರು ತಾಲ್ಲೂಕಿನ ಒಬ್ಬ ಮೆಕ್ಕೆಜೋಳದ ರೈತ