ಕಡ್ಡಿ ನಾಲ್ಕಿದ್ದರೂ ನೆಟ್ ಯಾಕೆ ಬರಲ್ಲ?

ಉಡುತಡಿಗೆ ವರದಿಗೆಂದು ಹೋಗಿದ್ದೆವು. ಅಕ್ಕಮಹಾದೇವಿಯ ಹುಟ್ಟೂರು, ರಜೆ ದಿನ, ಜನ ತುಂಬಿದ್ದರು. ಫೋನಿನಲ್ಲಿ ಟವರ್ ಕಡ್ಡಿ ನಾಲ್ಕೂ ಇದ್ದವು, ಸುದ್ದಿಯ ಫೋಟೊ ಮಾತ್ರ ಹೋಗಲೊಲ್ಲದು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಇನ್ನೊಂದು ಟವರ್ ಹಾಕಿಸಬೇಕು ಕಣ್ರೀ" ಅಂದರು.

ಎಲ್ಲ ಊರಲ್ಲೂ ಇದೇ ಮಾತು. ನಮ್ಮ ಜಿಲ್ಲೆಯ ಮಲೆನಾಡಿನ ಹಳ್ಳಿಗಳವರು 2021ರಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಬೋರ್ಡು ಹಿಡಿದಿದ್ದರು. ಟವರೇ ಇಲ್ಲದ ಕಡೆ ಟವರ್ ಕೇಳಲೇಬೇಕು. ಆದರೆ ಟವರ್ ಇರುವ ಊರಿನಲ್ಲಿ ಬರೀ ಟವರ್ ಕೇಳಿದರೆ ಅರ್ಧ ಕೇಳಿದಂತೆ ಎಂಬುದು ನಮ್ಮ ಅನಿಸಿಕೆ.

ಯಾಕೆ ಅಂದರೆ, ಕಡ್ಡಿ ತೋರಿಸುವುದು ಫೋನಿಗೂ ಟವರಿಗೂ ನಡುವಿನ ರೇಡಿಯೊ ಅಲೆ ಎಷ್ಟು ಗಟ್ಟಿಯಿದೆ ಎಂಬುದನ್ನಷ್ಟೇ. ಟವರಿನಿಂದಾಚೆಗಿನ ದಾರಿ ಅದಕ್ಕೆ ಗೊತ್ತಿಲ್ಲ. ಅಲ್ಲಿಂದ ನಮ್ಮ ಫೋಟೊ ಫೈಬರ್ ಕೇಬಲ್ ಒಳಗೆ ಬೆಳಕಾಗಿ ಓಡಬೇಕು. ಫೈಬರ್ ಇಲ್ಲದಿದ್ದರೆ ಟವರಿನಿಂದ ಟವರಿಗೆ ಮೈಕ್ರೋವೇವ್ ಡಿಶ್ ಮೂಲಕ ದಾಟಬೇಕು. ಮನೆ ಮುಂದಿನ ನಲ್ಲಿ ಎಷ್ಟು ದೊಡ್ಡದಿದ್ದರೇನು, ಹಿಂದಿನ ಪೈಪು ಅರ್ಧ ಇಂಚಿನದಾದರೆ ಕೊಡ ತುಂಬುವುದು ಯಾವಾಗ?

ಜೊತೆಗೆ, ಒಂದು ಟವರಿನ ನೆಟ್ ಅದರಡಿ ಇರುವ ಎಲ್ಲ ಫೋನಿಗೂ ಹಂಚಿಕೆ. ಜಾತ್ರೆ ದಿನ ಕಡ್ಡಿ ತುಂಬಿದ್ದರೂ ಚಕ್ರ ತಿರುಗುವುದು ಇದಕ್ಕೇ. 5ಜಿ ಬಂತು ಎಂದಾಕ್ಷಣ ಅಡಿಕೆ ತೋಟಕ್ಕೂ ಬಂತು ಅಂತಲ್ಲ. 700, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ. 5ಜಿಗೆ ಬಳಸುವ 3300 ಮೆಗಾಹರ್ಟ್ಸ್‌ನವು ಹೆಚ್ಚು ಹೊರುತ್ತವೆ, ಆದರೆ ಗುಡ್ಡ, ಮರ ಅಡ್ಡ ಬಂದರೆ ಬೇಗ ಸೋಲುತ್ತವೆ.

ತೊಂದರೆ ಎಲ್ಲಿದೆ ಎಂದು ನಾವೇ ಸ್ವಲ್ಪ ಪತ್ತೆ ಮಾಡಬಹುದು. ಬೆಳಗಿನ ಜಾವ ಓಡುವ ನೆಟ್ ಸಂಜೆ ಕುಂಟಿದರೆ ಬಳಸುವವರು ಹೆಚ್ಚಾಗಿದ್ದಾರೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಕಡ್ಡಿಯೂ ಹೋದರೆ ಟವರಿನ ಬ್ಯಾಟರಿ, ಜನರೇಟರ್ ನೋಡಬೇಕು. ಕಡ್ಡಿ ತುಂಬಿದ್ದು ಬೆಳಗಿನ ಜಾವವೂ ಓಡದಿದ್ದರೆ ಹಿಂದಿನ ಲೈನಿನ ಮೇಲೆ ಅನುಮಾನ ಪಡಿ. ಬೇರೆಲ್ಲ ಓಡುತ್ತಿದ್ದು ಒಂದೇ ಆ್ಯಪ್ ನಿಂತರೆ ಅದರ ಸರ್ವರೇ ಕೆಟ್ಟಿರಬಹುದು.

ಇದು ವಿಡಿಯೊ ನೋಡುವವರ ಚಿಂತೆ ಮಾತ್ರ ಅಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೂರದಿದ್ದರೆ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಒಂದೇ ಉತ್ತರ. ಕೂಲಿ ಬಿಟ್ಟು ಬಂದವರಿಗೆ ಆ ನಾಳೆಯೂ ಒಂದು ದಿನದ ಕೂಲಿ. ಕೆಟ್ಟಿದ್ದು ಸರ್ವರೋ, ಟವರೋ, ಕೇಬಲ್ಲೋ ಎಂದು ಹೇಳುವವರಿಲ್ಲ, ಕೇಳುವವರೂ ಇಲ್ಲ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಇಷ್ಟು ಕೇಳೋಣ: ನಮ್ಮ ಪಂಚಾಯಿತಿಗೆ ಬಂದ ಫೈಬರ್ ಇವತ್ತು ಜೀವಂತ ಇದೆಯೇ? ಅಲ್ಲಿಂದ ಶಾಲೆಗೆ, ಅರಿವು ಕೇಂದ್ರಕ್ಕೆ, ನ್ಯಾಯಬೆಲೆ ಅಂಗಡಿಗೆ ಲೈನ್ ಯಾವಾಗ? ರಸ್ತೆ ಅಗೆದು ಕೇಬಲ್ ಕತ್ತರಿಸಿದರೆ ಎಷ್ಟು ದಿನದಲ್ಲಿ ಜೋಡಿಸುತ್ತಾರೆ, ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳೋಣ.

'ನೆಟ್ ಇಲ್ಲ' ಎಂದರೆ ಅದು ಯಾರ ತಪ್ಪೂ ಅಲ್ಲ. 'ಕೇಬಲ್ ತುಂಡಾಗಿ ಹತ್ತು ದಿನವಾಯಿತು' ಎಂದರೆ ಯಾರಾದರೂ ಉತ್ತರ ಕೊಡಲೇಬೇಕು.